ಬಿದಿರಿನ ಬೆನ್ನು, ಜಾಲಿ ಹೊಟ್ಟಿ: ಮನ್ಯಾಗ ಬಿಲ್ಲು ಮಾಡೋರಿಗೆ ಕಟಗಿ ಜೋಡಿ ಆರಿಸೋ ಸಮಗ್ರ ಮಾರ್ಗದರ್ಶಿ

ನನ್ನ ಮೊದಲನೇ ಬಿಲ್ಲು ಮುರದಾಗ ಎದುರು ಮನಿ ಅಜ್ಜಿ ಪಟಾಕಿ ಹಾರ್ತು ಅಂದಕೊಂಡು ಹೊರಗ ಬಂದಿದ್ಲು. ಧಾರವಾಡದಾಗ ನಮ್ಮ ಮನಿ ಮಾಳಿಗಿ ಮ್ಯಾಲ ನಿಂತು ಜಗ್ಗಾಕತ್ತಿದ್ದೆ, ಬಾಗಲಾ ಮಾಡಿಸಿ ಉಳದಿದ್ದ ಸಾಗವಾನಿ ಪಟ್ಟಿ, 6 ಫೂಟು ಉದ್ದ, ನೋಡಾಕ ಗೆರಿ ಹೊಡದಂಗ ನೆಟ್ಟಗ ಇತ್ತು, 22 ಇಂಚಿನ ತನಾ ಆರಾಮ ಬಗ್ಗಿತು, 23ಕ್ಕ ಢಮ್ ಅಂತು. ಎರಡನೇದಕ್ಕ ಬುದ್ಧಿ ಬಂದು ಬೆನ್ನಿಗೆ ಬಿದಿರು ಅಂಟಿಸಿದೆ, ಅದೂ ದಪ್ಪಗ, 5 ಮಿಲಿಮೀಟರ್, ದಪ್ಪ ಇದ್ದಷ್ಟೂ ಗಟ್ಟಿ ಅನ್ನೋ ಲೆಕ್ಕಾಚಾರ. ಅದು ಮುರೀಲಿಲ್ಲ, ಸತ್ತ ಹೋತು. ಹೆದೆ ಬಿಚ್ಚಿದ್ರೂ 4 ಇಂಚು ಬಗ್ಗೇ ನಿಂತಿತ್ತು, ಒಳಗಡೆ ಸಾಗವಾನಿ ಮ್ಯಾಲ ಉಗುರಲೆ ಗೀರಿದಂಗ ಅಡ್ಡ ಗೆರಿ ಸಾಲಾಗಿ ಮೂಡಿದ್ವು.

ಕಟಗಿ ಎರಡೂ ಚಲೋನ ಇದ್ವು, ಜೋಡಿ ತಪ್ಪಿತ್ತು ಅಷ್ಟ. ನೊಗಕ್ಕ ಒಂದು ಕಡೆ ಭರ್ತಿ ಎತ್ತು ಇನ್ನೊಂದು ಕಡೆ ಹೋರಿಗರ ಕಟ್ಟಿದ್ರ ಏನಾಗ್ತೈತಿ, ದೊಡ್ಡದು ಜಗ್ಗಿಕೊಂಡು ಹೋಗ್ತೈತಿ, ಸಣ್ಣದರ ಹೆಗಲ ಹರೀತೈತಿ. ಬಿಲ್ಲಿನಾಗೂ ಅದ ಕತಿ. ಅದಕ್ಕ ಇಲ್ಲಿ ನಾನು ಯಾವ ಕಟಗಿ ಎಲ್ಲಾದಕ್ಕೂ ಬೆಸ್ಟ್ ಅಂತ ಹೇಳಾಕ ಹೋಗೂದಿಲ್ಲ, ಯಾವುದರ ಜೋಡಿ ಯಾವುದು ನಡೀತೈತಿ, ಅದನ್ನ ಬಿಲ್ಲು ಮಾಡೂಕಿಂತ ಮೊದಲ ಹೆಂಗ ಪರೀಕ್ಷೆ ಮಾಡೂದು ಅನ್ನೂದನ್ನ ಹೇಳ್ತೀನಿ.

ಬೆನ್ನು ಯಾವುದು, ಹೊಟ್ಟಿ ಯಾವುದು

ಹೊಸಬರು ಇಲ್ಲೇ ಎಡವೂದು. ಬಿಲ್ಲು ಹಿಡದಾಗ ನಿಮ್ಮ ಮುಖದ ಕಡೆ ಇರೂದು ಹೊಟ್ಟಿ, ಗುರಿ ಕಡೆ ಇರೂದು ಬೆನ್ನು. ಜಗ್ಗಿದಾಗ ಬೆನ್ನು ಹಿಗ್ಗತೈತಿ, ಹೊಟ್ಟಿ ಕುಗ್ಗತೈತಿ, ಇವೆರಡರ ನಡುವ ಒಂದು ಪದರ ಹಿಗ್ಗೂದೂ ಇಲ್ಲ ಕುಗ್ಗೂದೂ ಇಲ್ಲ. ಬಿದಿರಿನಂಥ ಬಿಗಿ ವಸ್ತು ಬೆನ್ನಿಗೆ ದಪ್ಪಗ ಹಚ್ಚಿದ್ರ ಆ ನಡುವಿನ ಪದರ ಬೆನ್ನಿನ ಕಡೆ ಸರೀತೈತಿ, ಅಂದ್ರ ಹೊಟ್ಟಿ ಮ್ಯಾಲಿನ ಮೈ ಅದರಿಂದ ಇನ್ನೂ ದೂರ ಆತು, ಇನ್ನೂ ಜಾಸ್ತಿ ಕುಗ್ಗಬೇಕಾತು. ನನ್ನ ಎರಡನೇ ಬಿಲ್ಲಿನ ಸಾಗವಾನಿ ಸತ್ತದ್ದು ಹಿಂಗ.

ಹಂಗಾದ್ರ ಬ್ಯಾಕಿಂಗ್, ಅಂದ್ರ ಬೆನ್ನಿಗೆ ಬ್ಯಾರೇ ಪಟ್ಟಿ ಅಂಟಿಸೂದು, ಯಾಕ ಬೇಕು? ಸ್ವಚ್ಛ ಕಟಗಿ ಎಳೆ ಉದ್ದಕ್ಕ ಜಗ್ಗಿದ್ರ ತಾಳೂ ಶಕ್ತಿ ಒತ್ತಿದ್ರ ತಾಳೂದಕ್ಕಿಂತ ಸುಮಾರು ದುಪ್ಪಟ್ಟು ಇರ್ತೈತಿ, ಅಂದ್ರ ನ್ಯಾಯವಾಗಿ ಬೆನ್ನು ಮುರೀಬಾರ್ದು. ಆದ್ರ ಸಾ ಮಿಲ್‌ನಾಗ ಕೊಯ್ದ ಹಲಗಿಯಾಗ ಎಳೆ ಎಲ್ಲೋ ಒಂದು ಕಡೆ ಬದಿಗೆ ಹೊರಳಿ ಹೊರಗ ಹೋಗಿಬಿಟ್ಟಿರ್ತೈತಿ, ಆ ಜಾಗದಾಗ ಸಿಪ್ಪಿ ಎದ್ದು ಮುರೀತೈತಿ. ಥಂಡಿ ದೇಶದೋರು ಮರದ ಒಂದು ವರ್ಷದ ಉಂಗುರಾನ ಹಿಡಕೊಂಡು ತುದಿಯಿಂದ ತುದಿತನಾ ಅದನ್ನ ಕಡೀದಂಗ ಬೆನ್ನು ಮಾಡ್ತಾರ. ನಮ್ಮ ಕಡೆ ಮರದಾಗ ಸಾಗವಾನಿ ಬಿಟ್ರ ಬಾಳ ಮರಕ್ಕ ಆ ಉಂಗುರ ಕಣ್ಣಿಗೇ ಕಾಣೂದಿಲ್ಲ, ಮ್ಯಾಲ ಮತ್ತಿ, ಹೊನ್ನಿ, ಬೇವು ಇವಕ್ಕೆಲ್ಲಾ ಎಳೆ ಜಡಿ ಹೆಣದಂಗ ಒಂದರಾಗೊಂದು ಹೊಕ್ಕಿರ್ತೈತಿ. ಹಿಂಗಾಗಿ ನಮಗ ಬ್ಯಾಕಿಂಗ್ ಶೋಕಿ ಅಲ್ಲ, ಹೆಚ್ಚು ಕಡಿಮಿ ಅನಿವಾರ್ಯ.

ಬೆನ್ನಿಗೆ ಏನು

ಒಂದು ಸುಲಭ ಲೆಕ್ಕ ಐತಿ. ಹಳ್ಳಿಯಾಗ ಕೊಡ್ಲಿ ಕಾವಿಗೆ, ಹೊರೂ ಅಡ್ಡಿಗೆ ಯಾವ ಕಟಗಿ ಹಾಕ್ತಾರ ಕೇಳ್ರಿ. ಪೆಟ್ಟು ತಿಂದ್ರೂ ಸಿಡೀದಂಥಾ ಕಟಗಿ ಅದು, ಬೆನ್ನಿಗೆ ಬೇಕಾದ ಗುಣಾನೂ ಅದ. ಅಮೆರಿಕದಾಗ ಹಿಕರಿ ಕಟಗಿಯಿಂದ ಕೊಡ್ಲಿ ಕಾವೂ ಮಾಡ್ತಾರ ಬಿಲ್ಲಿನ ಬೆನ್ನೂ ಮಾಡ್ತಾರ, ಇದ ಕಾರಣಕ್ಕ. ಹಿಕರಿ ಹುಡುಕಿ ಹುಬ್ಬಳ್ಳಿ ಟಿಂಬರ್ ಅಡ್ಡೆ ಎಲ್ಲಾ ತಿರಗಿ ಬಂದೀನಿ, ಒಬ್ಬರು "ಅದೇನು ಹಿಕ್ಕಿರಿ, ಪ್ಲೈವುಡ್ಡೇನು" ಅಂದ್ರು, ಅಲ್ಲಿಗೆ ಬಿಟ್ಟೆ.

ನಮಗ ಬಿದಿರು ಸಾಕು, ಸಾಕೇನು ಬಂತು, ಹಿಕರಿಗಿಂತ ಮ್ಯಾಲ. ಬಿದಿರಿನ ಶಕ್ತಿ ಎಲ್ಲಾ ಹೊರಗಿನ ಮೈಯಾಗ ಇರ್ತೈತಿ, ಎಳೆ ಅಲ್ಲೇ ದಟ್ಟ, ಒಳಗ ಹೋದಂಗ ಬರೇ ಮೆತ್ತನ್ನ ತಿರುಳು. ಅದಕ್ಕ ಹೊರ ಮೈನ ಯಾವ ಕಾರಣಕ್ಕೂ ರಂದಾ ಹೊಡೀಬ್ಯಾಡ್ರಿ, ಮೇಣದಂಥಾ ಹಸರು ಪದರ ಅಷ್ಟ ಚಾಕುವಿನ ಬೆನ್ನಲೆ ಕೆರೀರಿ, ಗಂಟು ಇರೂ ಕಡೆ ಉಬ್ಬನ್ನ ಸ್ವಲ್ಪ ನಯ ಮಾಡ್ರಿ ಆದ್ರ ಸಪಾಟ ಮಾಡಬ್ಯಾಡ್ರಿ. ತೆಳು ಮಾಡೂದೆಲ್ಲಾ ಒಳಗಿನಿಂದನ.

ಬಿದಿರಿನಾಗೂ ಎರಡು ಜಾತಿ ನಮ್ಮ ಕಡೆ ಬರ್ತಾವು. ಲಾಠಿಗೆ, ಬಡಗಿಗೆ ಬಳಸೋ ಗಟ್ಟಿ ಬಿದಿರು ಒಳಗ ಹೆಚ್ಚು ಕಡಿಮಿ ತುಂಬಿರ್ತೈತಿ, ಗಟ್ಟಿ ಹೌದು, ಆದ್ರ ಸಣ್ಣ ಗಳ, ಅದರಿಂದ ಸೀಳಿದ ಪಟ್ಟಿ ಅರ್ಧ ಚಂದ್ರನಂಗ ಉಬ್ಬಿರ್ತೈತಿ, ಅಗಲ ಬಿಲ್ಲಿಗೆ ಕೂಡ್ರೂದಿಲ್ಲ. ನಮಗ ಬೇಕಾದ್ದು ಹೆಬ್ಬಿದಿರು, ಮುಳ್ಳಿನ ಮೆಳಿದು, 4 ಇಂಚಿನ ಮ್ಯಾಲ ದಪ್ಪ ಇರೂದು, ಗಳ ದಪ್ಪ ಆದಷ್ಟೂ ಪಟ್ಟಿ ಸಪಾಟ ಬರ್ತೈತಿ. 3ರಿಂದ 5 ವರ್ಷದ ಗಳ ಇರಬೇಕು, ಎಳೇದು ಒಣಗಿದಾಗ ಸುಕ್ಕು ಬಿದ್ದು ಹಾಳಾಗ್ತೈತಿ. ಹುಬ್ಬಳ್ಳಿ ಮೇದಾರ ಓಣಿಯಾಗ ಬುಟ್ಟಿ ಹೆಣೆಯೋರು ಗಳ ನೋಡಿದ ಕೂಡಲೇ, ಬಡದು ಸಪ್ಪಳ ಕೇಳಿ ಹೇಳ್ತಾರ ಎಷ್ಟು ವರ್ಷದ್ದು ಅಂತ, ಅವರ ಹತ್ರ ಹೋಗಿ ಕುಂತು ಒಂದು ಚಹಾ ಕುಡೀರಿ, ಯಾವ ವಿಡಿಯೋದಾಗೂ ಸಿಗದ ವಿಷಯ ಸಿಗತೈತಿ. 12ನೇ ಶತಮಾನದ ಮೇದಾರ ಕೇತಯ್ಯನ ಕಾಯಕ ಅದು, ನಾವು ನಿನ್ನೆ ಮೊನ್ನೆ ಬಂದೋರು. ಸೀಳೂದನ್ನೂ ಅವರ ಕಡೆನ ಮಾಡಿಸ್ರಿ, ಅವರು ಹೊಡದ ಸೀಳು ಎಳೆ ಗುಂಟ ಹೋಗ್ತೈತಿ, ನಮ್ಮ ಗರಗಸ ಹಂಗ ಹೋಗೂದಿಲ್ಲ.

ಹುಳದ ವಿಷಯ ಮರೀಬ್ಯಾಡ್ರಿ. ಬಿದಿರಿನಾಗ ಪಿಷ್ಟ ಇರ್ತೈತಿ, ಕುಟ್ಟಿ ಹುಳಕ್ಕ ಅದ ಊಟ, ಮುಂಜಾನೆ ಎದ್ದು ನೋಡಿದ್ರ ಪಟ್ಟಿ ಕೆಳಗ ಹಳದಿ ಹಿಟ್ಟು ಬಿದ್ದಿರ್ತೈತಿ. ಬೋರಾಕ್ಸ್ ಮತ್ತ ಬೋರಿಕ್ ಆಸಿಡ್ ಕಲಸಿದ ನೀರಾಗ ಸೀಳಿದ ಪಟ್ಟಿನ ಒಂದು ವಾರ ನೆನೆ ಹಾಕಿ, ಆಮ್ಯಾಲ ನೆರಳಾಗ ಒಣಗಿಸ್ರಿ. ಬಿಸಲಾಗ ಬ್ಯಾಡ.

ಬಿದಿರು ಬಿಟ್ರ ತಡಸಲು. ನಮ್ಮ ಕಡೆ ಒಬ್ಬೊಬ್ರು ದಡಸಲು ಅಂತಾರ, ಹಿಂದಿಯಾಗ ಧಾಮನ್. ಬಳುಕೂ ಗುಣಕ್ಕ ಹೆಸರಾದ ಮರ, ಹಿಡಿಕಿ, ಹೊರೂ ಅಡ್ಡಿ, ಗಾಳದ ಕೋಲು, ಬಿಲ್ಲು ಇವಕ್ಕೆಲ್ಲಾ ಹಿಂದಿನಿಂದ ಬಳಸಿದ್ದು. ಇದು ಬಿದಿರಿನಷ್ಟು ಬಿರುಸು ಅಲ್ಲ, ಅದ ಇದರ ದೊಡ್ಡ ಗುಣ, ಮೆತ್ತನ್ನ ಹೊಟ್ಟಿ ಕಟಗಿನ ಕೊಲ್ಲೂದಿಲ್ಲ. ತೊಂದರೆ ಏನಂದ್ರ ಸಾ ಮಿಲ್‌ದವರು ಇದನ್ನ ಬ್ಯಾರೇ ಇಡೂದಿಲ್ಲ, "ಜಂಗಲ್ ಕಟಗಿ" ಅಂತ ಒಂದ ರಾಶಿಯಾಗ ಒಗದಿರ್ತಾರ, ಗುರ್ತು ಇರೋರನ್ನ ಕರಕೊಂಡು ಹೋಗಬೇಕು.

ಅಡಿಕಿ ದಬ್ಬಿ ನಡೀತೈತೇನು ಅಂತ ಹಾನಗಲ್ ಕಡೆ ಗೆಳೆಯಾ ಒಬ್ಬಾಂವ ಕೇಳಿದ್ದ. ಟ್ರೈ ಮಾಡೀವಿ, ಹೊರಗಿನ ಕರೀ ಎಳೆ ತಂತಿಯಂಗ ಗಟ್ಟಿ, ಆದ್ರ ಎಳೆ ಎಳೆ ನಡುವಿನ ಹಿಡಿತ ಕಡಿಮಿ, ಅಂಚಿನಿಂದ ಸೂಜಿಯಂಗ ಏಳತೈತಿ, ಕೈಯಾಗ ಚುಚಗೊಂಡ್ರ ಪಿನ್ನಲೆ ತಗೀಬೇಕು. ಬ್ಯಾಡ ಬಿಡ್ರಿ. ಬಟ್ಟಿ ಬ್ಯಾಕಿಂಗ್ ಅಂದ್ರ ಖಾದಿ ಇಲ್ಲಾ ನಾರಗಸಿ ಅರಿಬಿ ಅಂಟಿಸೂದು ಸಿಪ್ಪಿ ಏಳೂದನ್ನ ಹಿಡೀತೈತಿ ಅಷ್ಟ, ಶಕ್ತಿ ಏನೂ ಕೂಡಿಸೂದಿಲ್ಲ, ಮಕ್ಕಳ 20 ಪೌಂಡ್ ಬಿಲ್ಲಿಗೆ ಸಾಕು (ಪೌಂಡ್ ಅಂದ್ರ ಬಿಲ್ಲಿನ ತೂಕ ಅಲ್ಲ, ಪೂರ್ತಿ ಜಗ್ಗಾಕ ಬೇಕಾಗೂ ಬಲ).

ಹೊಟ್ಟಿಗೆ ಏನು

ಹೊಟ್ಟಿಗೆ ತೂಕದ ಕಟಗಿ ಬೇಕು, ಒತ್ತಿದ್ರ ತಡಿಯೂದು. ನಾರು ಹೆಣದುಕೊಂಡಿದ್ರೂ ಇಲ್ಲಿ ನಡೀತೈತಿ, ಯಾಕಂದ್ರ ಹೊಟ್ಟಿ ಸಿಡಿಯೂದಿಲ್ಲ, ಕುಗ್ಗೂದು. ರಂದಾ ಹೊಡಿಯೂಮುಂದ ಬೈಕೋತೀರಿ ಅದು ಬ್ಯಾರೆ ಮಾತು.

ಕರಿಜಾಲಿ ನನ್ನ ಮೆಚ್ಚಿನ್ದು. ನಮ್ಮ ಚಕ್ಕಡಿ ಗಾಲಿ, ರಂಟಿ, ಕುಂಟಿ ಎಲ್ಲಾ ಇದರಾಗ ಆಗ್ತಿದ್ವು, ಹೊಲದ ಬದುವಿನ ಮ್ಯಾಲ ಬೆಳೀತೈತಿ. ಕೆಂಪು ತಿರುಳು ಅಷ್ಟ ತಗೋರಿ, ಹೊರಗಿನ ಬಿಳಿ ಭಾಗಕ್ಕ ಹುಳ ಬೀಳತೈತಿ. ಗದಗ, ನರಗುಂದ, ರೋಣದ ಕಡೆ ಹಳೇ ಚಕ್ಕಡಿ ಬಿಚ್ಚಿ ಮೂಲ್ಯಾಗ ಒಗದಿರ್ತಾರ, 30-40 ವರ್ಷ ಒಣಗಿದ ಜಾಲಿ ಅದು, ಮಳಿ ಹೊಡತ, ಕಬ್ಬಿಣದ ಕರೀ ಕಲಿ, ಬಿರುಕು ನೋಡಿಕೊಂಡು ತಗೊಂಡ್ರ ಬಂಗಾರ.

ಬಳ್ಳಾರಿ ಜಾಲಿ ಹೆಸರು ಕೇಳಿದ್ರ ರೈತರು ಬೈತಾರ, ಆದ್ರ ಕಟಗಿ ಭಾರಿ, ಒಣಗಿದಾಗ ಕುಗ್ಗೂದೂ ಭಾಳ ಕಡಿಮಿ. ಡೊಂಕ ಬೆಳೀತೈತಿ ಅನ್ನೂದ ಒಂದು ಕಿರಿಕಿರಿ, 6 ಫೂಟು ನೆಟ್ಟಗ ಸಿಗೂದು ಕನಸು. ಆದ್ರ 3 ಫೂಟಿನ ಎರಡು ತುಂಡು ಸಿಗತಾವು, ಅವನ್ನ ಹಿಡಿ ಜಾಗದಾಗ 4 ಇಂಚು ಉದ್ದ ಇಂಗ್ಲಿಷ್ ಝಡ್ ಆಕಾರದಾಗ ಕೊಯ್ದು ಕೂಡಿಸ್ರಿ, ಮ್ಯಾಲ ಒಂದ ಉದ್ದದ ಬಿದಿರು ಪೂರ್ತಿ ಹಾಯ್ತೈತಿ ಅಂದ್ರ ಜೋಡಣಿ ಮ್ಯಾಲ ಎಳೆತ ಬೀಳೂದಿಲ್ಲ. ಬ್ಯಾಕಿಂಗ್ ಮಾಡೂದರಿಂದ ಇದೊಂದು ದೊಡ್ಡ ಲಾಭ.

ದಿಂಡಲ ಸಿಕ್ರ ಬಿಡಬ್ಯಾಡ್ರಿ, ಹಿಂದಕ ಬಂಡಿ ಅಚ್ಚಿಗೆ ಹಾಕ್ತಿದ್ದ ಮರ, ಭಾರ ಅಂದ್ರ ಭಾರ. ಬೀಟಿ ಹೊಟ್ಟಿಗೆ ಚಲೋ, ನೋಡಾಕೂ ಚಂದ, ಬೆನ್ನಿಗೆ ಮಾತ್ರ ಬ್ಯಾಡ. ಹಿಪ್ಪುನೇರಳೆ, ಅಂದ್ರ ರೇಷ್ಮಿ ಹುಳಕ್ಕ ಎಲಿ ಹಾಕೂ ಗಿಡ, ಅದು ಮರ ಆಗಿ ಬೆಳದಿದ್ರ ಹಾಕಿ ಸ್ಟಿಕ್ಕಿಗೆ ಬಳಸೂ ಕಟಗಿ, ಅಮೆರಿಕದೋರ ಪ್ರಸಿದ್ಧ ಬಿಲ್ಲಿನ ಮರ ಓಸೇಜ್ ಆರೆಂಜ್ ಇದರ ಬಳಗದ್ದ, ಹಾವೇರಿ ಕಡೆ ಹಳೇ ತೋಟ ಕೀಳೂಮುಂದ ವಿಚಾರ್ಸಿ ನೋಡ್ರಿ. ಸಾಗವಾನಿ ನಡುಮಧ್ಯದ್ದು, ಎಳೆ ನೆಟ್ಟಗ, ಒಣಗಿದ್ದು ಎಲ್ಲಾ ಕಡೆ ಸಿಗತೈತಿ, ಆದ್ರ ಹೊಟ್ಟಿ ಮೆತ್ತಗ. ಸಿಲ್ವರ್ ಓಕ್, ಮಾವು, ರಬ್ಬರ್ ಕಟಗಿ, ಮಷೀನ್ ಪಾರ್ಸಲ್ ಬರೂ ಪೈನ್, ಇವಕ್ಕ ಕೈ ಹಚ್ಚಬ್ಯಾಡ್ರಿ.

ಎಲ್ಲಿ ತರೂದು ಅನ್ನೂದು ಸ್ವಲ್ಪ ಗಂಭೀರ ವಿಷಯ. ಸಾಗವಾನಿ, ಬೀಟಿ ಕಡಿಯಾಕ ಅರಣ್ಯ ಇಲಾಖೆ ಪರ್ಮಿಷನ್ ಬೇಕು, ನಿಮ್ಮ ಹೊಲದಾಗ ಇದ್ರೂನೂ. ಕಪ್ಪತಗುಡ್ಡ 2019ರಾಗ ವನ್ಯಜೀವಿಧಾಮ ಆಗೈತಿ, ಅಲ್ಲಿಂದ ಒಂದು ಕಡ್ಡಿ ಸೈತ ತರಬ್ಯಾಡ್ರಿ. ಹೊಲದಾಗ ಬೆಳದ ಬಿದಿರನ್ನ 2017ರ ಕಾನೂನು ತಿದ್ದುಪಡಿ ಮರದ ಪಟ್ಟಿಯಿಂದ ತಗದೈತಿ, ಅದು ಹಗೂರ. ಉಳದಿದ್ದು ಅಡ್ಡೆಯಾಗ ಬಿಲ್ ತಗೊಂಡು ಕೊಳ್ರಿ, ದಾಂಡೇಲಿ, ಹಳಿಯಾಳ ಡಿಪೋ ಹರಾಜಿನ ಮಾಲು ಹುಬ್ಬಳ್ಳಿಗೆ ಬರತಿರ್ತೈತಿ. ಅವರು ಸಿಎಫ್‌ಟಿ, ಅಂದ್ರ ಘನ ಅಡಿ, ಲೆಕ್ಕದಾಗ ಮಾತಾಡ್ತಾರ, ಗಾಬರಿ ಆಗಬ್ಯಾಡ್ರಿ, 2 ಇಂಚು ಅಗಲ 2 ಇಂಚು ದಪ್ಪ 6 ಫೂಟು ಉದ್ದ ಅಂದ್ರ ಒಂದು ಸಿಎಫ್‌ಟಿಯ ಆರನೇ ಒಂದು ಭಾಗ. ಹಲಗಿ ಆರಿಸೂಮುಂದ ಬದಿಯಿಂದನೂ ನೋಡ್ರಿ ಮ್ಯಾಲಿಂದನೂ ನೋಡ್ರಿ, ಎಳೆ 20 ಇಂಚು ಮುಂದ ಹೋಗೂದರಾಗ 1 ಇಂಚಿಗಿಂತ ಜಾಸ್ತಿ ಬದಿಗೆ ಸರದಿದ್ರ ಬೆನ್ನಿಗೆ ಬ್ಯಾಡ. ಅಡ್ಡೆಯಾಂವ "ಏನ್ ಸಾಹೇಬ್ರ ಹೆಣ್ಣು ನೋಡಿದಂಗ ನೋಡ್ತೀರಿ" ಅಂತಾನ, ಅನ್ಲಿ.

ಪಟ್ಟಿ ಪರೀಕ್ಷೆ: ಇದನ್ನ ಮಾಡದ ಮುಂದ ಹೋಗಬ್ಯಾಡ್ರಿ

ಮೂರನೇ ಬಿಲ್ಲಿನಿಂದ ನಾನು ಇದನ್ನ ಮಾಡಾಕ ಶುರು ಮಾಡಿದೆ, ಆಮ್ಯಾಲ ಒಂದೂ ಬಿಲ್ಲು ಜೋಡಿ ತಪ್ಪಿ ಹಾಳಾಗಿಲ್ಲ. ಹಲಗಿ ಅಂಚಿನಿಂದ 45 ಸೆಂಟಿಮೀಟರ್ ಉದ್ದ, 12 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ಪಟ್ಟಿ ಕೊಯ್ಕೋರಿ, ದಪ್ಪದ ಅಳತಿಯಾಗ ಹಟ ಬೇಕು, ಯಾಕಂದ್ರ ಬಿಗಿತ ದಪ್ಪದ ಘನದ ಲೆಕ್ಕದಾಗ ಏರತೈತಿ, ದಪ್ಪ 10 ಪರ್ಸೆಂಟ್ ಜಾಸ್ತಿ ಆದ್ರ ಬಿಗಿತ 33 ಪರ್ಸೆಂಟ್ ಜಾಸ್ತಿ. ಅಗಲ ಡಬಲ್ ಆದ್ರ ಬಿಗಿತ ಬರೇ ಡಬಲ್. ವರ್ನಿಯರ್ ಇಲ್ಲಾಂದ್ರ ಯಾವದರ ವರ್ಕ್‌ಶಾಪ್ ಗೆಳೆಯಾನ ಕಡೆ ಇಸಕೋರಿ.

ಮೊದಲ ತೂಕ. ಈ ಪಟ್ಟಿ 32 ಘನ ಸೆಂಟಿಮೀಟರ್ ಚಿಲ್ಲರ ಆಗ್ತೈತಿ. ಅಡಗಿಮನಿ ಡಿಜಿಟಲ್ ತಕ್ಕಡಿ ಮ್ಯಾಲ ಇಟ್ರ 21 ಗ್ರಾಂ ಬಂದ್ರ ಸಾಗವಾನಿ ಲೆವೆಲ್ಲು, 26-27 ಬಂದ್ರ ಜಾಲಿ ಲೆವೆಲ್ಲು, ಬಿದಿರಿನ ಜೋಡಿ ಹೋಗಾಕ ಲಾಯಕ್. 18ಕ್ಕಿಂತ ಕೆಳಗ ಇದ್ರ ಒಲಿಗೆ ಹಾಕ್ರಿ.

ಆಮ್ಯಾಲ ಎರಡು ಇಟ್ಟಂಗಿ 40 ಸೆಂಟಿಮೀಟರ್ ಅಂತರದಾಗ ಇಟ್ಟು ಪಟ್ಟಿ ಮಲಗಿಸಿ, ನಟ್ಟನಡುವ ಹಗ್ಗದಲೆ ಒಂದು ಸಣ್ಣ ಪ್ಲಾಸ್ಟಿಕ್ ಬಕೆಟ್ ತೂಗಬಿಡ್ರಿ. ನೀರು 1 ಲೀಟರ್ ಅಂದ್ರ 1 ಕೆಜಿ, ತೂಕದ ಕಲ್ಲು ಬೇಕಾಗಿಲ್ಲ, ಬಕೆಟ್ಟಿನ ತೂಕ ಮಾತ್ರ ಲೆಕ್ಕಕ್ಕ ಹಿಡೀರಿ. 2 ಕೆಜಿಗೆ ನಡು ಸುಮಾರು 10 ಮಿಲಿಮೀಟರ್ ತಗ್ಗಿದ್ರ ಸಾಧಾರಣ ಚಲೋ ಗಟ್ಟಿ ಕಟಗಿ, 15ರ ಮ್ಯಾಲ ತಗ್ಗಿದ್ರ ಮೆತ್ತಂದು, 7-8 ಇದ್ರ ಭಾಳ ಬಿರುಸು. ಎಲ್ಲಾ ಪಟ್ಟಿ ಮ್ಯಾಲ ಪೆನ್ಸಿಲ್‌ಲೆ ಬರೀರಿ.

ಇನ್ನ ಮುಖ್ಯದ್ದು. ನೀರು ತುಂಬ್ಕೋತ ಹೋಗ್ರಿ, ನಡು 35 ಮಿಲಿಮೀಟರ್ ತಗ್ಗೂ ತನಾ, 7 ಲೀಟರ್ ಆಜೂಬಾಜೂ ಹಿಡೀತೈತಿ. ಕನ್ನಡಕ ಹಾಕ್ಕೋರಿ, ಮುರದ್ರ ಚೂರು ಮುಖಕ್ಕ ಬರ್ತೈತಿ, ನೀರು ಚಪ್ಪಲಿಗೆ ಬರ್ತೈತಿ. ಈ ಬಗ್ಗಿನಾಗ ಪಟ್ಟಿ ಮೈ ಸುಮಾರು 0.8 ಪರ್ಸೆಂಟ್ ಹಿಗ್ಗತೈತಿ, ಖರೇ ಬಿಲ್ಲು ಪೂರ್ತಿ ಜಗ್ಗಿದಾಗ ಆಗೂದೂ ಹೆಚ್ಚು ಕಡಿಮಿ ಇಷ್ಟ. 10 ನಿಮಿಷ ಹಂಗ ಬಿಟ್ಟು ಬಕೆಟ್ ತಗೀರಿ. ಮುರೀತು ಅಂದ್ರ ಬೆನ್ನಿಗೆ ಬರೂದಿಲ್ಲ, ಹೊಟ್ಟಿಗೆ ಬಂದ್ರೂ ಬರಬಹುದು. ಮುರೀಲಿಲ್ಲ ಆದ್ರ 4 ಮಿಲಿಮೀಟರ್‌ಗಿಂತ ಜಾಸ್ತಿ ಬಗ್ಗೇ ನಿಂತೈತಿ ಅಂದ್ರ ಹೊಟ್ಟಿ ಸೋತೈತಿ, ಮ್ಯಾಲಿನ ಮೈನ ದೀಪದ ಬೆಳಕಿನಾಗ ಓರೆಯಾಗಿ ಹಿಡದು ನೋಡ್ರಿ, ಆ ಅಡ್ಡ ಗೆರಿ ಕಾಣಸ್ತಾವೇನು ಅಂತ. 1-2 ಮಿಲಿಮೀಟರ್ ಒಳಗ ತಿರಗಿ ಬಂತು ಅಂದ್ರ ಮನಿಗೆ ಕರಕೊಂಡು ಬರ್ರಿ.

ಕಡೀಕ ಜೋಡಿ ಪರೀಕ್ಷೆ, ಇದನ್ನ ಯಾರೂ ಮಾಡೂದಿಲ್ಲ ಆದ್ರ ಎಲ್ಲಾಕ್ಕಿಂತ ಮಹತ್ವದ್ದು. 2 ಮಿಲಿಮೀಟರ್ ಬಿದಿರನ್ನ 4 ಮಿಲಿಮೀಟರ್ ಹೊಟ್ಟಿ ಕಟಗಿಗೆ ಅಂಟಿಸಿ ಅದ 6 ಮಿಲಿಮೀಟರ್ ಪಟ್ಟಿ ಮಾಡ್ರಿ, ಬಿದಿರಿನ ಹೊರ ಮೈ ಕೆಳಗ ಬರೂವಂಗ ಇಟ್ಟಂಗಿ ಮ್ಯಾಲ ಇಟ್ಟು ಮತ್ತ 35 ಮಿಲಿಮೀಟರ್ ತಗ್ಗಿಸ್ರಿ. ನಾನು ಮಾಡಿದಾಗ ಸಾಗವಾನಿ ಒಂಟಿ ಪಟ್ಟಿ 3 ಮಿಲಿಮೀಟರ್ ಸೆಟ್ ತಗೊಂಡಿತ್ತು (ಭಾರ ತಗದ ಮ್ಯಾಲೂ ಬಗ್ಗೇ ನಿಲ್ಲೂದಕ್ಕ ಸೆಟ್ ಅಂತಾರ), ಬಿದಿರು ಅಂಟಿಸಿದ ಮ್ಯಾಲ ಅದ ಸಾಗವಾನಿ 6 ತಗೊಂತು. ಜಾಲಿ ಎರಡರಾಗೂ 2 ದಾಟಲಿಲ್ಲ. ಎರಡು ದಿನದ ಕೆಲಸ, ಒಂದು ಬಕೆಟ್ ನೀರು, ಇಡೀ ಒಂದು ತಿಂಗಳ ಬಿಲ್ಲಿನ ಕೆಲಸ ಉಳೀತು.

ಜೋಡಿಗಳು, ಅಳತಿ ಸಮೇತ

ಇಲ್ಲಿ ಕೊಡೂ ಅಳತಿ ಎಲ್ಲಾ 28 ಇಂಚು ಜಗ್ಗೂ, 30-35 ಪೌಂಡಿನ ಬಿಲ್ಲಿಗೆ. ಮೊದಲನೇದಕ್ಕ 50 ಪೌಂಡು ಅಂತ ಹಟ ಮಾಡಬ್ಯಾಡ್ರಿ.

ಬಿದಿರು ಮತ್ತ ಜಾಲಿ, ಇಲ್ಲಾ ಬಿದಿರು ಮತ್ತ ದಿಂಡಲ, ಬೀಟಿ: ಉದ್ದ 66 ಇಂಚು, ಅಗಲ 35 ಮಿಲಿಮೀಟರ್, ಹಿಡಿಯಿಂದ ತುದಿತನಾ ಇರೂ ತೋಳಿನ ಅರ್ಧದ ತನಾ ಅಷ್ಟ ಅಗಲ ಇದ್ದು ಆಮ್ಯಾಲ ತುದಿಗೆ 12ಕ್ಕ ಇಳೀಬೇಕು. ಬಿದಿರು ನಡುವಿನ ಉಬ್ಬಿನಾಗ 3ರಿಂದ 3.5, ಅಂಚಿನಾಗ 1.5 ಮಿಲಿಮೀಟರ್. ಬಿದಿರು ಹೊಟ್ಟಿ ಕೂಡಿ ಹಿಡಿ ಹತ್ರ 15, ತುದಿಗೆ 11 ಇಟ್ಕೊಂಡು ಶುರು ಮಾಡ್ರಿ, ಕೆರದು ಇಳಸೂದು ಇದ್ದ ಐತಿ. ಅಂಟಿಸೂಮುಂದ ತುದಿ ಎರಡೂ 2 ಇಂಚು ಬೆನ್ನಿನ ಕಡೆ ಬಗ್ಗಿಸಿ ಅಂಟಿಸಿದ್ರ ಬಿಲ್ಲು ಚುರುಕಾಗ್ತೈತಿ.

ಬಿದಿರು ಮತ್ತ ಸಾಗವಾನಿ: ಮಾಡಾಕ ಬರ್ತೈತಿ, ಬಿದಿರಿನ ಸೊಕ್ಕು ಮುರೀಬೇಕು ಅಷ್ಟ. ಉದ್ದ 69-70 ಇಂಚು, ಹೊಟ್ಟಿ ಅಗಲ 42 ಮಿಲಿಮೀಟರ್, ಆದ್ರ ಬೆನ್ನು ಬರೇ 30, ಅಂದ್ರ ತೋಳನ್ನ ಅಡ್ಡ ಕೊಯ್ದು ನೋಡಿದ್ರ ಬುಟ್ಟಿ ಮಕಾಡೆ ಹಾಕಿದಂಗ ಕಾಣಬೇಕು, ಕೆಳಗ ಅಗಲ ಮ್ಯಾಲ ಸಣ್ಣ. ಬೆನ್ನು ಸಣ್ಣ ಮಾಡಿದ್ರ ಮೊದಲ ಹೇಳಿದ ನಡುವಿನ ಪದರ ಹೊಟ್ಟಿ ಕಡೆ ಸರೀತೈತಿ, ಹೊಟ್ಟಿಗೆ ಉಸಿರಾಡಾಕ ಜಾಗ ಸಿಗತೈತಿ. ಬಿದಿರು ಉಬ್ಬಿನಾಗ 2.5, ಅಂಚಿನಾಗ 1. ಹಿಂದಕ್ಕ ಬಗ್ಗಿಸೂದು ಬ್ಯಾಡ, ಭಾಳ ಆದ್ರ 1 ಇಂಚು.

ತಡಸಲು ಮತ್ತ ಸಾಗವಾನಿ: ಹೊಸಬರಿಗೆ ನಾನು ಇದನ್ನ ಹೇಳ್ತೀನಿ. ಎರಡೂ ತಣ್ಣಗಿನ ಎತ್ತು. ಉದ್ದ 68, ಅಗಲ 40, ತಡಸಲು 3ರಿಂದ 4 ಮಿಲಿಮೀಟರ್ ಸಪಾಟ ಪಟ್ಟಿ, ಎಳೆ ತುದಿಯಿಂದ ತುದಿತನಾ ಹೋಗಿದ್ದು. ಬಾಣ ಸ್ವಲ್ಪ ನಿಧಾನ ಹೋಗ್ತೈತಿ, ಆದ್ರ ಬಿಲ್ಲು ಬಾಳಿಕಿ ಬರ್ತೈತಿ. ತಡಸಲು ಮತ್ತ ಜಾಲಿ ಇನ್ನೂ ಒಂದು ಕೈ ಮ್ಯಾಲ, ಅಗಲ 36ಕ್ಕ ಇಳಿಸ್ರಿ.

ಮೂರು ಪದರದ್ದು, ನಡುವ ಹಗೂರ ಕಟಗಿ ಇಟ್ಟು ಮಾಡೂದು ಚಂದ ಕಾಣತೈತಿ, ಎರಡು ಪದರದ್ದು ಎರಡು ಮಾಡಿದ ಮ್ಯಾಲ ಅದರ ಸುದ್ದಿಗೆ ಹೋಗ್ರಿ.

ಧಾರವಾಡದ ಮಳಿ, ಗದಗಿನ ಬಿಸಲು

ಇದನ್ನ ಹೊರಗಿನೋರು ಬರದ ಪುಸ್ತಕದಾಗ ಹುಡುಕಿದ್ರ ಸಿಗೂದಿಲ್ಲ. ಕಟಗಿ ಗಾಳಿಯ ತೇವಕ್ಕ ತಕ್ಕಂಗ ತಾನೂ ತೇವ ಹಿಡೀತೈತಿ: ಗಾಳಿ ತೇವ 50 ಪರ್ಸೆಂಟ್ ಇದ್ರ ಕಟಗಿಯಾಗ ಸುಮಾರು 9, 65 ಇದ್ರ 12, 80 ಇದ್ರ 16, ಗಾಳಿ 30ಕ್ಕ ಇಳದ್ರ ಕಟಗಿ 6. ಬಿಲ್ಲಿಗೆ 8ರಿಂದ 10 ಬೇಕು. ಧಾರವಾಡದಾಗ ಜುಲೈ ಆಗಸ್ಟಿನ ಜಿಟಿಜಿಟಿ ಮಳಿಯಾಗ ಹಾಸಿಗಿನ ಹಸಿ ವಾಸನಿ ಹೊಡೀತಿರ್ತೈತಿ, ಆಗ ಮಾಡಿದ ಬಿಲ್ಲು ಹೊಟ್ಟಿ ಮೆತ್ತಗಾಗಿ ಸೆಟ್ ತಗೋತೈತಿ. ಅದ ಬಿಲ್ಲನ್ನ ಏಪ್ರಿಲ್ ಮಧ್ಯಾಹ್ನ ಗದಗಕ್ಕ ಒಯ್ದು ಕಾರಿನಾಗ ಬಿಟ್ರ ಒಣಗಿ ಬೆನ್ನು ಗಾಜಿನಂಗ ಸಿಡೀತೈತಿ. ನಮ್ಮ ಹವಾಕ್ಕ ನವೆಂಬರ್‌ದಿಂದ ಫೆಬ್ರವರಿ ತನಾ ಅಂಟಿಸೂ, ಕೆರಿಯೂ ಕೆಲಸ ಮುಗಿಸೂದು ಚಲೋ. ತೇವ ಅಳಿಯೂ ಮೀಟರ್ ಇಲ್ಲಾಂದ್ರ ಹಲಗಿನ ದಿನಾ ತೂಕ ಮಾಡಿ ಗ್ವಾಡಿ ಮ್ಯಾಲ ಬರೀರಿ, ಒಂದು ವಾರ ತೂಕ ಅಲ್ಲಾಡಲಿಲ್ಲ ಅಂದ್ರ ಅದು ನಿಮ್ಮ ಮನಿ ಗಾಳಿಗೆ ಹೊಂದೈತಿ. ಬೆನ್ನು ಹೊಟ್ಟಿ ಎರಡೂ ಒಂದ ಖೋಲಿಯಾಗ, ಒಂದ ಅಟ್ಟದ ಮ್ಯಾಲ ಒಣಗಬೇಕು, ಇಲ್ಲಾಂದ್ರ ಅಂಟಿಸಿದ ಮ್ಯಾಲ ಒಂದು ಕುಗ್ಗಿ ಒಂದು ಕುಗ್ಗದ ಬಿಲ್ಲು ತಿರುಚಿಕೊಳ್ತೈತಿ.

ಅಂಟು

ಬಿಳಿ ಅಂಟು ನಡೀತೈತಿ, ಆದ್ರ ಬಿಸಲಿಗೆ ಸ್ವಲ್ಪ ಸ್ವಲ್ಪ ಜಾರತೈತಿ, ಹಿಂದಕ್ಕ ಬಗ್ಗಿಸಿದ ಬಿಲ್ಲಿಗೆ ಅದು ಆಗೂದಿಲ್ಲ. 24 ತಾಸಿಗೆ ಗಟ್ಟಿ ಆಗೂ ಅರಾಲ್ಡೈಟ್ ತರದ ಎಪಾಕ್ಸಿ ತಗೋರಿ, 5 ನಿಮಿಷದ್ದು ಬ್ಯಾಡ. ಸಾಗವಾನಿ, ಬೀಟಿ ಎಣ್ಣಿ ಕಟಗಿ, ಅಂಟಿಸೂ ಮೈನ 80 ನಂಬರ್ ಸ್ಯಾಂಡ್ ಪೇಪರಲೆ ತಿಕ್ಕಿ, ಬಿಳಿ ಅರಿವಿಗೆ ಅಸಿಟೋನ್ ಹಾಕಿ ಅರಿವಿಗೆ ಬಣ್ಣ ಹತ್ತೂದು ಕಡಿಮಿ ಆಗೂ ತನಾ ಒರಸ್ರಿ, ಒಣಗಿದ ಕೂಡಲೇ ಅಂಟು ಹಚ್ರಿ, ನಾಳೆ ಮಾಡೋಣ ಅಂದ್ರ ಎಣ್ಣಿ ಮತ್ತ ಮ್ಯಾಲ ಬಂದಿರ್ತೈತಿ.

ಕ್ಲಾಂಪ್ 20 ಬೇಕು ಅಂತ ಹೆದರಬ್ಯಾಡ್ರಿ. ಪಂಕ್ಚರ್ ಅಂಗಡಿಯಾಗ ಹಳೇ ಸೈಕಲ್ ಟ್ಯೂಬ್ ಪುಗಸಟ್ಟೆ ಕೊಡ್ತಾರ, 1 ಇಂಚು ಅಗಲ ಉದ್ದಕ್ಕ ಕತ್ತರಿಸಿ ತುದಿಯಿಂದ ತುದಿತನಾ ಜಗ್ಗಿ ಜಗ್ಗಿ ಸುತ್ರಿ, ಒತ್ತಡ ಎಲ್ಲಾ ಕಡೆ ಸಮ ಬೀಳತೈತಿ. ಎಪಾಕ್ಸಿಗೆ ಭಾಳ ಬಿಗಿ ಬ್ಯಾಡ, ಅಂಟೆಲ್ಲಾ ಹೊರಗ ಹೋಗಿ ಒಳಗ ಒಣ ಉಳೀತೈತಿ. ಬಿದಿರಿನ ಒಳ ಮೈ ಪೂರ್ತಿ ಸಪಾಟ ಐತೇನು ಅಂತ ದೀಪದ ಮುಂದ ಹಿಡದು ನೋಡ್ರಿ, ಗಂಟಿನ ಹತ್ರ ಬೆಳಕು ಹಾಯ್ತೈತಿ ಅಂದ್ರ ಇನ್ನೂ ತಿಕ್ಕಬೇಕು. ನನ್ನ ಒಂದು ಬಿಲ್ಲು ಅಲ್ಲೇ ಬಾಯಿ ಬಿಟ್ಟಿತ್ತು.

ಬಗ್ಗಿಸೂದು

ಟಿಲ್ಲರಿಂಗ್, ಅಂದ್ರ ಎರಡೂ ತೋಳು ಸಮ ಬಗ್ಗೂವಂಗ ಸ್ವಲ್ಪ ಸ್ವಲ್ಪ ಕೆರಿಯೂದು, ಇನ್ನೊಂದು ಇಷ್ಟ ಉದ್ದದ ಬರಹ ಬೇಡತೈತಿ, ಇಲ್ಲಿ ಜೋಡಿಗೆ ಸಂಬಂಧ ಇದ್ದಷ್ಟು ಹೇಳ್ತೀನಿ. ಕೆರಿಯೂದು ಹೊಟ್ಟಿ ಕಡೆಯಿಂದ ಮಾತ್ರ. ಬೇಕಾದ ಪೌಂಡಿಗಿಂತ ಜಾಸ್ತಿ ಯಾವತ್ತೂ ಜಗ್ಗಬ್ಯಾಡ್ರಿ, 30 ಪೌಂಡ್ ಬೇಕಂದ್ರ 30 ಬಂದ ಕೂಡಲೇ ನಿಂದರ್ರಿ, ಅದು 15 ಇಂಚಿಗೆ ಬಂದ್ರೂ ಸರಿ, ಕೆರದು ಮುಂದ ಹೋಗ್ರಿ. ಪ್ರತಿ ಸಲ ಕೆರದ ಮ್ಯಾಲ 20-30 ಸಲ ಹಗೂರಕ ಜಗ್ರಿ, ಆಮ್ಯಾಲನ ಅಳೀರಿ. ಹೆದೆ ಬಿಚ್ಚಿ ಸೆಟ್ ನೋಡ್ರಿ: ಜಾಲಿಗೆ 1 ಇಂಚಿನೊಳಗ ಇರಬೇಕು, ಸಾಗವಾನಿಗೆ 2 ಇಂಚು ಕ್ಷಮಿಸಬಹುದು. ಅರ್ಧ ಜಗ್ಗಿದಾಗನ ಸೆಟ್ ಏರಾಕತ್ತಿದ್ರ ಬೆನ್ನು ಭಾಳ ಬಿರುಸಾತು ಅಂತ ಅರ್ಥ, ಅಲ್ಲಿಗೆ ನಿಲ್ಲಿಸಿ ಬಿದಿರಿನ ಅಂಚು ಎರಡೂ ಕಡೆ ರಂದಾದಲೆ ಓರೆ ಮಾಡಿ ಬೆನ್ನು ಸಣ್ಣ ಮಾಡ್ರಿ, ಉಬ್ಬಿನ ಮೈ ಮುಟ್ಟಬ್ಯಾಡ್ರಿ, ಬಹಳ ಸಲ ಬಿಲ್ಲು ಉಳೀತೈತಿ. ಹೊಟ್ಟಿ ಮ್ಯಾಲ ಅಡ್ಡ ಗೆರಿ ಆಗಲೇ ಬಂದಿದ್ರ ಮಾತ್ರ ಬ್ಯಾಡ, ಅದನ್ನ ಗ್ವಾಡಿಗೆ ತೂಗ ಹಾಕ್ರಿ. ಬಾಣ ಇಲ್ಲದ ಖಾಲಿ ಹೆದೆ ಜಗ್ಗಿ ಬಿಡಬ್ಯಾಡ್ರಿ, ಗುರಿ ಹಿಂದ ಗ್ವಾಡಿ ಇಲ್ಲಾ ಮಣ್ಣಿನ ದಿಬ್ಬ ಇರ್ಲಿ, ಮೊಲ ನವಲು ಅಂತ ಹೋದ್ರ 1972ರ ವನ್ಯಜೀವಿ ರಕ್ಷಣಾ ಕಾಯ್ದೆ ಪ್ರಕಾರ ಸೀದಾ ಜೇಲು.

ಹಾವೇರಿ ಜಿಲ್ಲಾದಾಗ ವೀರಗಲ್ಲು ಕಂಡಲ್ಲೆಲ್ಲಾ ನಾನು ಗಾಡಿ ನಿಂದರಿಸಿ ವೀರನ ಕೈಯಾಗಿನ ಬಿಲ್ಲು ನೋಡ್ತೀನಿ, ತೋಳು ಹೆಂಗ ಬಗ್ಗ್ಯಾವು ಅಂತ. ಕಟಗಿ ಯಾವುದು ಅಂತ ಕಲ್ಲು ಹೇಳೂದಿಲ್ಲ, ಹೆಂಡ್ತಿ ಗಾಡಿಯಾಗ ಕುಂತು ಹಾರ್ನ್ ಹೊಡೀತಿರ್ತಾಳ.

ಪರೀಕ್ಷೆ ಮಾಡಿದ ಪಟ್ಟಿ ತುಂಡು ಒಗೀಬ್ಯಾಡ್ರಿ. ಕಟಗಿ ಹೆಸರು, ಎಲ್ಲಿ ತಂದದ್ದು, ಗ್ರಾಂ ಎಷ್ಟು, ಎಷ್ಟು ಮಿಲಿಮೀಟರ್ ಬಗ್ಗಿತು, ಎಷ್ಟು ಸೆಟ್ ನಿಂತಿತು, ಯಾವ ತಿಂಗಳು ಅಂತ ಅದರ ಮ್ಯಾಲನ ಬರದು ತೂತು ಹೊಡದು ಒಂದು ತಂತಿಯಾಗ ಪೋಣಿಸಿ ಇಡ್ರಿ. ನನ್ನ ತಂತಿಯಾಗ ಈಗ 19 ಪಟ್ಟಿ ಅದಾವು, ಅಡ್ಡೆಗೆ ಹೋಗೂಮುಂದ ಚೀಲದಾಗ ಹಾಕ್ಕೊಂಡ ಹೋಗ್ತೀನಿ, ಹೊಸ ಹಲಗಿ ಪಕ್ಕ ಹಿಡದು ಉಗುರು ಒತ್ತಿ ನೋಡಾಕ.